ಎಳೆತದ ತೂಕ

ಎಂಜಿನ್ ಮೊದಲು ಬಂತು.
ಗುಂಡಿ ಸಿಕ್ಕಿತೆಂದು ಅಂಗಿ ಹೊಲಿಸಹೊರಟವನ ಹಾಗೆ
ಈಗ ನಾನು ಅದಕ್ಕೊಂದು ವಿಮಾನ ಹುಡುಕುತ್ತಿದ್ದೇನೆ.

ಐವತ್ತೈದು ಸಿಸಿ, ಪೆಟ್ರೋಲು, ಒಂದೇ ಸಿಲಿಂಡರು.
ವರ್ಗವಾಗಿ ಹೊರಟ ನೌಕಾದಳದ ಸಾಹೇಬರೊಬ್ಬರು
ಸ್ಕೂಟರ್ ರಿಪೇರಿಯ ಬಾಕಿಗೆ ಬದಲು
ಹಳೇ ಬನಿಯನ್ನಿನಲ್ಲಿ ಸುತ್ತಿ ಕೊಟ್ಟು ಹೋದದ್ದು.
"ಇದು ಹಾರುವಂಥದ್ದು, ಹುಲ್ಲು ಕೊಯ್ಯೋಕೆ ಕಟ್ಟಬೇಡ" ಎಂದಿದ್ದರು.

ಬೈತಖೋಲದಲ್ಲಿ ಮೂವತ್ತು ವರ್ಷ
ದೋಣಿಯ ಮೋಟಾರು ಬಿಚ್ಚಿ ಜೋಡಿಸಿದವನು ನಾನು.
ನನ್ನ ಕೈ ಹಾಯ್ದ ಎಂಜಿನ್ನುಗಳು
ನೀರನ್ನು ಹಿಂದಕ್ಕೆ ತಳ್ಳಿದವು, ಬಾವಿಯಿಂದ ಎತ್ತಿದವು,
ಒಂದೂ ನೆಲ ಬಿಟ್ಟದ್ದಿಲ್ಲ.
(ಒಂದು ಬಿಟ್ಟಿತ್ತು. ಪುಂಡಲೀಕನ ದೋಣಿಯದು, ನಟ್ಟು ಸಡಿಲಾಗಿ.
ಹಾರಿ ಬಿದ್ದದ್ದು ಸಮುದ್ರಕ್ಕೆ; ಲೆಕ್ಕಕ್ಕಿಲ್ಲ.)

ಗೋಡೆಗೆ ಪಟಗಳನ್ನು ಅಂಟಿಸಿದ್ದೇನೆ.
ಯುದ್ಧವಿಮಾನ, ಮೂತಿಯ ತುಂಬ ಹಲ್ಲು ಬರೆದದ್ದು.
ಚೆಲುವ. ಆದರೆ ಇಳಿಯುವಾಗ
ಸಾಲ ವಸೂಲಿಗೆ ಬಂದವನ ಹಾಗೆ ನುಗ್ಗಿ ಬರುತ್ತದಂತೆ.
ಇನ್ನೊಂದರ ಚುಕ್ಕಾಣಿಯೇ ಒಂದು ಕಿಟಕಿಯಷ್ಟು;
ಗಾಳಿಯಲ್ಲಿ ಮೂಗು ಮೇಲೆ ಮಾಡಿ ನಿಂತೇ ಇರಬಲ್ಲದು,
ಗಿರಿಗಿಟ್ಟಲೆ, ತಲೆಕೆಳಗು, ಏನು ಬೇಕಾದರೂ.
ಹತ್ತೂ ಬೆರಳು ಪೂರ್ತಿ ಇದ್ದವರಿಗೆ ಅದು.
ನನ್ನ ಎಡಗೈ ಹೆಬ್ಬೆರಳು ಮೊದಲ ಗೆಣ್ಣಿಗೆ ಮುಗಿಯುತ್ತದೆ.
ಮಿಕ್ಕದ್ದು, ತೊಂಬತ್ತೆಂಟರ ಮಳೆಗಾಲ,
ದೋಣಿಗಳೆಲ್ಲ ದಡದಲ್ಲಿದ್ದಾಗ, ಒಂದು ಫ್ಲೈವ್ಹೀಲಿಗೆ ಹೋಯಿತು.
ರೇಡಿಯೋ ಪೆಟ್ಟಿಗೆಯಲ್ಲಿ ವೇಗದ ಕೋಲು
ಎಡ ಹೆಬ್ಬೆರಳಿಗೇ ಬರುತ್ತದೆ, ನೋಡಿ.

ಹಳದಿಯದೂ ಇದೆ. ರೆಕ್ಕೆ ಬೆನ್ನ ಮೇಲೆ,
ತುದಿಯಿಂದ ತುದಿಗೆ ಎಂಟೂವರೆ ಅಡಿ,
ಕೆಳಗೆ ಎರಡು ದಪ್ಪ ಗಾಲಿ.
"ಅಜ್ಜಿಯ ಕೊಡೆ" ಎಂದ ಇನಾಸ ಮೇಸ್ತ.
ಹಲಸು, ಸಾಗುವಾನಿ ಕೆತ್ತಿ ಕೈ ಒರಟಾದವನು
ಬಾಲ್ಸಾದ ತುಂಡೊಂದನ್ನು ಬೆರಳಲ್ಲಿ ತೂಗಿ
"ಇದು ಮರವಾ ಮಾರಾಯ? ಹಪ್ಪಳ" ಎಂದ.
ಆಮೇಲೆ ತಾಸುಗಟ್ಟಲೆ ಅದನ್ನು ಕೆಳಗಿಡಲಿಲ್ಲ.

"ಹಾರಿಸೋದು ಎಲ್ಲಿ?"
ದಂಡೆಯ ಮಾತೇ ಬೇಡ. ನೌಕಾನೆಲೆಯ ಊರಿದು;
ವಿಮಾನ ಇಳಿಯುವ ಮೊದಲೇ ನಮ್ಮನ್ನು ಜೀಪು ಹತ್ತಿಸಿಯಾರು.
ಕಾಳಿಯ ಗುಂಟ ಒಳಗೆ ಹೋದರೆ ಭಾವನ ಗದ್ದೆ,
ಕೊಯ್ಲಾದ ಮೇಲೆ ಖಾಲಿ.
ಹೋಗಿ ನೋಡಿಬಂದೆವು, ಹೆಜ್ಜೆ ಹಾಕಿ ಅಳೆದೆವು.
ಕೂಳೆ, ಬಿರುಕು,
ಎಮ್ಮೆಯ ಗೊರಸು ಊರಿದಲ್ಲೆಲ್ಲ ಮಣ್ಣು ಒಣಗಿ ಬಟ್ಟಲು.
ಸಣ್ಣ ಗಾಲಿ ಅದರಲ್ಲಿ ಬಿದ್ದರೆ
ಚೆಲುವನ ಹಲ್ಲೆಲ್ಲ ಭಾವನ ಗದ್ದೆಗೆ.

ನಿನ್ನೆ ಎಂಜಿನ್ನನ್ನು ಕೇಳಿಯೇಬಿಡೋಣ ಎಂದೆ.
ನಾಲ್ಕು ಗಾಲಿಯ ಹಲಗೆಗೆ ಬಿಗಿದು,
ಇಪ್ಪತ್ತೆರಡಿಂಚಿನ ಮರದ ಪಂಕ ಹಾಕಿ,
ಹಿಂದೆ ಹಗ್ಗ, ಹಗ್ಗಕ್ಕೆ ತುಳಸು ಹರಿಕಂತ್ರಳ ಸ್ಪ್ರಿಂಗು ತಕ್ಕಡಿ,
ತಕ್ಕಡಿ ತೆಂಗಿನ ಮರಕ್ಕೆ.
ಮೂರನೇ ತಿರುವಿಗೆ ಕೆಮ್ಮಿತು, ಐದಕ್ಕೆ ಹಿಡಿಯಿತು.
ಬೆಕ್ಕು ಓಡಿತು. ಬುಟ್ಟಿಯ ಮೇಲಿನ ಗೋಣಿ
ಪಕ್ಕದವರ ಬೇಲಿ ದಾಟಿತು.
ಮುಳ್ಳು ಆರು, ಒಂಬತ್ತು, ಹದಿಮೂರು ಕಿಲೋ.
ತುಳಸು ಬಗ್ಗಿ ನೋಡಿದಳು:
"ಕೊಂಡಿಗೆ ಎಂತದೂ ಸಿಗಿಸಲಿಲ್ಲವಲ್ಲ, ಇದು ಯಾವುದರ ತೂಕ?"
"ಎಳೆತದ್ದು."
"ಅದನ್ನೂ ತೂಗ್ತಾರಾ!"
ಅವಳ ಗಂಡ ಬಲೆ ಎಳೆದ ವರ್ಷಗಳನ್ನು
ಯಾರೂ ತೂಗಿರಲಿಲ್ಲ. ಅವಳು ಅದನ್ನು ಹೇಳಲಿಲ್ಲ,
ನನಗೇ ಹೊಳೆದದ್ದು, ಎಂಜಿನ್ ಆರಿಸಿದ ಮೇಲಿನ ಮೌನದಲ್ಲಿ.

ಹದಿಮೂರು ಎಳೆದರೆ ಎಂಟು ಕಿಲೋ ಸುಲಭವಾಗಿ ಏಳುತ್ತದೆ.
ಏಳುವುದು ಕಷ್ಟವಲ್ಲ.
ತುಳಸು ಗೋಡೆಯ ಹತ್ತಿರ ನಿಂತು
ಪೇಟೆಯಲ್ಲಿ ಇಸ್ವಾಣದ ಕಿವಿರು ನೋಡುವ ಹಾಗೆ
ಒಂದೊಂದನ್ನೂ ನೋಡಿ
ಹಳದಿಯದರ ಮೇಲೆ ಬೆರಳಿಟ್ಟಳು:
"ಇದು ತಿರುಗಿ ಬರೋ ಮುಖ."
ಬೆರಳೆತ್ತಿದಾಗ ರೆಕ್ಕೆಯ ಮೇಲೆ
ಒಂದು ಮೀನಿನ ಹುರುಪೆ ಅಂಟಿಕೊಂಡಿತ್ತು.

ದುಡ್ಡು ಕಳಿಸಿದ್ದೇನೆ. ರೆಕ್ಕೆ ಎರಡು ತುಂಡಾಗಿ ಬರುತ್ತದಂತೆ,
ಬಾಗಿಲಲ್ಲಿ ಹಿಡಿಯುತ್ತದೆ, ಅಳೆದಾಯಿತು.
ಇನಾಸ ಈಗಲೂ ಕೊಡೆ ಅನ್ನುತ್ತಾನೆ,
ಬಾಲ್ಸಾದ ತುಂಡು ಅವನ ಜೇಬಲ್ಲೇ ಇದೆ.
ತಕ್ಕಡಿ ಆ ಸಂಜೆಯೇ ವಾಪಸು ಕೊಟ್ಟೆ.
ಬಂಗಡೆಗೆಲ್ಲ ಪೆಟ್ರೋಲಿನ ವಾಸನೆ ಎಂದು
ಗಿರಾಕಿಗಳು ಅವಳನ್ನು ಬೈದರಂತೆ.