ನಾಲ್ಕನೇ ಪಾಲು

ಬೆಳಗ್ಗೆ ಐದೂ ಮುಕ್ಕಾಲು.
ಮಂಗಳಾ ಕ್ರೀಡಾಂಗಣದ ಗೇಟಿನ ಹೊರಗೆ
ಸೆವ್ರಿನಾ ಬಾಯಿಯ ಸ್ಟವ್ ಆಗಲೇ ನೀಲಿ.
ಜೀಪಿನಿಂದ ಇಳಿದೆ: ನಾಲ್ಕು ಖಾಲಿ ಬಾಟಲಿ,
ಅರಗು, ದಾರ, ಕಾರ್ಬನ್ ಹಾಳೆ,
ಮತ್ತು ಇಲಾಖೆ ಕೊಟ್ಟ ಒಂದು ಮುಖ.

ದೂರು ಎರಡೇ ಸಾಲು, ಸಹಿಯಿಲ್ಲ:
ಮುದುಕಿಯ ಹುಡಿಯಲ್ಲಿ ಏನೋ ಉಂಟು,
ಇಲ್ಲದಿದ್ದರೆ ಆ ಹುಡುಗಿ ಹಾಗೆ ಓಡುವುದುಂಟಾ?

'ಮೊದಲು ಕುಡಿದು ನೋಡಿ' ಎಂದಳು ಬಾಯಿ.
ಕುಡಿಯುವ ಹಾಗಿಲ್ಲ. ಕೊಳ್ಳಬೇಕು, ರಶೀದಿ ಬೇಕು.
ರಾಗಿ ಹುಡಿಗೆ ಇನ್ನೂರ ನಲವತ್ತು
ಸರಕಾರದ ಪರವಾಗಿ ಎಣಿಸಿಕೊಟ್ಟೆ.
ಬೋಣಿ ಎಂದು ಹತ್ತು ರೂಪಾಯಿ ಹಿಂದೆ ಕೊಟ್ಟಳು.
ಆ ಹತ್ತನ್ನು ಬರೆಯಲು ಫಾರ್ಮಿನಲ್ಲಿ ಜಾಗವಿಲ್ಲ.

ಸಮನಾಗಿ ನಾಲ್ಕು ಪಾಲು ಮಾಡಿ ಅರಗು ಸುರಿದೆ.
ಒಂದು ಪರೀಕ್ಷಕರಿಗೆ, ಎರಡು ಸಾಹೇಬರ ಕಪಾಟಿಗೆ,
ನಾಲ್ಕನೆಯದು, ನೀವು ಕೇಳಿದರೆ, ಇನ್ನೊಂದು ಪ್ರಯೋಗಾಲಯಕ್ಕೆ.
'ಅಂದರೆ ಕುಡಿಯುವವರು ಯಾರೂ ಇಲ್ಲ'
ಎನ್ನುತ್ತ ಅವಳು ಸೌಟು ತಿರುವಿದಳು.

ಸಾಕ್ಷಿಗೆ ಒಂದು ಸಹಿ ಬೇಕಿತ್ತು.
ಹಾಲಿನವನು ಸೈಕಲ್ ಹತ್ತಿದ.
ವಾಕಿಂಗಿನ ನಿವೃತ್ತ ಮ್ಯಾನೇಜರು
ಬೂಟಿನ ಲೇಸಿಗೆ ಬಗ್ಗಿದವರು ಏಳಲೇ ಇಲ್ಲ.
ಒಳಗಿನಿಂದ ಬಂದಳು ಝುಲೈಖಾ,
ಕುದ್ರೋಳಿಯ ಹುಡುಗಿ, ಎಂಟುನೂರು ಮೀಟರಿನವಳು.
'ದೂರು ನನ್ನ ಮೇಲಲ್ವಾ ಮೇಡಂ? ನಾನೇ ಹಾಕ್ತೇನೆ.'
ಗಲ್ಲದ ಬೆವರು ಕಾರ್ಬನ್ನಿನ ಮೇಲೆ ಬಿದ್ದು
ಮೂರು ಪ್ರತಿಗೂ ಇಳಿಯಿತು.

'ಹೊರದೇಶದಲ್ಲಿ ಎರಡೇ ಬಾಟಲಿ' ಎಂದಳು.
'ಓಟ ಮುಗಿದದ್ದೇ ಒಬ್ಬಳು ಬಾತ್ರೂಮಿನ ತನಕ ಬಂದು
ನಿಂತು ನೋಡಿದಳು. ಆಮೇಲೆ ಕೇಳಿದಳು,
ವಾರದಿಂದ ಏನೇನು ಮದ್ದು, ಏನೇನು ಹುಡಿ?
ರಾಗಿ ಅಂದೆ. ಸ್ಪೆಲಿಂಗ್ ಹೇಳು ಅಂದಳು.'

ಪೆನ್ನು ವಾಪಸು ಕೊಟ್ಟಳು. ಬಿಸಿ ಇತ್ತು.

'ಬಿಸಿಯೇ ಜಾಸ್ತಿ' ಎಂದರು ಕೋಚ್ ದೇರಣ್ಣ, ಸೀಟಿ ಒರೆಸುತ್ತ.
'ಮೊದಲ ಹತ್ತು ಸೆಕೆಂಡಿಗೆ ಸ್ನಾಯುವಿನ ಕಿಸೆಯಲ್ಲಿ ಚಿಲ್ಲರೆ ಉಂಟು.
ಆಮೇಲೆ ಸಕ್ಕರೆ ಒಡೆಯಬೇಕು.
ಕೊನೆಯ ಇನ್ನೂರಕ್ಕೆ ಉಸಿರು ಕೂಡ ಸಾಲ ಕೊಡುವುದಿಲ್ಲ.
ಉರಿದದ್ದರಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಬರೀ ಬಿಸಿ, ಬೆವರು.
ನಾಲ್ಕರಲ್ಲಿ ಒಂದು ಪಾಲು ಓಟ, ಅಷ್ಟೇ.'

ಇಪ್ಪತ್ತೊಂದು ವರ್ಷ ಪೊಟ್ಟಣಗಳ ಬೆನ್ನು ಓದಿದ್ದೇನೆ.
ಕಿಲೋಕ್ಯಾಲೊರಿ ಎಂಬ ಪದದ ಎತ್ತರವನ್ನು
ಸ್ಕೇಲಿಟ್ಟು ಮಿಲಿಮೀಟರಿನಲ್ಲಿ ಅಳೆದಿದ್ದೇನೆ.
ಅದು ಹೋಗುವುದೆಲ್ಲಿಗೆ ಎಂದು ಕೇಳಿರಲಿಲ್ಲ.

ಹದಿನಾಲ್ಕನೇ ದಿನ ವರದಿ ಬಂತು:
ರಾಗಿ, ಹೆಸರು, ಬೆಲ್ಲ, ಏಲಕ್ಕಿ, ಉಪ್ಪು.
ಬೇರೇನೂ ಪತ್ತೆಯಾಗಿಲ್ಲ.
ಅದರ ಕೆಳಗೆ, ಕೆಂಪು ಗೆರೆ ಎಳೆದು,
ಲೇಬಲ್ ಇಲ್ಲ, ನೋಂದಣಿ ಇಲ್ಲ.
ಹೌದು, ಇಲ್ಲ. ನಾಳೆ ಇನ್ನೊಬ್ಬ ಇದೇ ಗೇಟಿಗೆ ಬಂದು
ಇದೇ ಬಣ್ಣದ ಬೇರೆ ಹುಡಿ ಮಾರಿದರೆ
ಝುಲೈಖಾಳ ಕಾಲು ಯಾವ ನ್ಯಾಯಾಲಯಕ್ಕೆ ಹೋಗಬೇಕು?

ನೋಟಿಸಿನ ಜೊತೆ ಅರ್ಜಿಯನ್ನೂ ಒಯ್ದೆ.
'ನೀವೇ ತುಂಬಿಸಿ ಬಾಯಿ, ಗೊತ್ತಾಗದ್ದು ಬಿಡಿ.'
ಕನ್ನಡಕ ಹುಡುಕಲು ಅವಳು ಚೀಲಕ್ಕೆ ಕೈಹಾಕಿದಳು.
ಇವತ್ತು ಮಾದರಿ ತೆಗೆಯುವುದಿರಲಿಲ್ಲ;
ಅದೇ ಹತ್ತರ ನೋಟು ಕೊಟ್ಟು ಒಂದು ಲೋಟ ಕುಡಿದೆ.
ತಳದಲ್ಲಿ ಸ್ವಲ್ಪ ಹಿಡಿದಿತ್ತು, ಹೇಳಲಿಲ್ಲ.

ಸೀರೆ ಎತ್ತಿ ಕಟ್ಟಿ ಒಂದು ಸುತ್ತು ನಡೆದೆ.
ಅರ್ಧಕ್ಕೇ ಕಿವಿ ಬಿಸಿ, ಬೆನ್ನು ಒದ್ದೆ.
ಝುಲೈಖಾ ಮೂರು ಸಲ ದಾಟಿಹೋದಳು,
ಮೂರು ಸಲವೂ ಗಾಳಿ ಮಾತ್ರ ಸಿಕ್ಕಿತು.
ಉಳಿದ ಪಾಲು ನನ್ನನ್ನು ಗೇಟಿಗೆ ಮುಟ್ಟಿಸಿತು.

ಬಾಯಿ ಅರ್ಜಿ ಮುಗಿಸಿ, ಹಾರದಂತೆ
ಸೌಟು ಹೇರಿಟ್ಟಿದ್ದಳು.
ಹೆಸರು, ವಿಳಾಸ, ಎಲ್ಲ ಸರಿ.
'ವ್ಯವಹಾರದ ಸ್ವರೂಪ' ಎಂಬಲ್ಲಿ
ದುಂಡಗೆ ಬರೆದಿದ್ದಳು:
ಬೆಳಗ್ಗೆ ಮಾತ್ರ.