ಅರಗು

ಅಂಗಡಿ ಬಾಗಲಾ ಅರ್ಧಾ ಎಳದ ಮ್ಯಾಲ
ಕಾಳಿಕಾ ಬರ್ತಾಳ, ಬೊಗಸಿಯೊಳಗ ರವಾ.
ಬಿಳಿ ಇಲಿ. ಸೊಲ್ಲಾಪುರದಿಂದ ಪಂಜರ ಸಮೇತ
ಅಕ್ಕಲಕೋಟಿಗೆ ಬಸ್ಸಿನ್ಯಾಗ ತಂದದ್ದು.
ಬಂಗಾರ ತೂಗೂ ಕಾಟಾದ ಮ್ಯಾಲ ಸ್ಟೀಲಿನ ವಾಟಗಾ,
ವಾಟಗಾದಾಗ ಅದು.
ಮೀಸಿ ನಡಗತಾವ, ಕೆಂಪನ್ನ ಅಂಕಿನೂ ನಡಗತಾವ.
ಉಸಿರು ಹಿಡದು ಕಾಯ್ತೀವಿ ಇಬ್ರೂ.

ಯುಗಾದಿಗೆ ಇಪ್ಪತ್ತೊಂಬತ್ತು ಗ್ರಾಂ,
ಹಳೀ ಲೆಕ್ಕದಾಗ ಎರಡೂವರಿ ತೊಲಿ.
ಪಂಚಮಿಗೆ ಮೂವತ್ತಾರು.
'ಶೇಂಗಾ ನಿಲ್ಲಸ್ರಿ' ಅಂದಳು ನನ್ನ ಹೆಂಡತಿ.
ನಿಲ್ಲಿಸಿದ್ವಿ.
ನಮ್ಮವ್ವ ಕದ್ದು ಹೋಳಿಗಿ ಚೂರು ಹಾಕತಿದ್ಲು,
ಆಕೀನೂ ಆಣಿ ಮಾಡಿ ಬಿಟ್ಟಳು.
ಓಡಾಡ್ಲಿ ಅಂತ ತಂತಿ ಬಾಗಿಸಿ ಗಾಲಿ ಮಾಡಿಕೊಟ್ಟೆ,
ಬೆಸುಗಿ ನಂದ.
ಬಸಿರು ಅನ್ಲಿಕ್ಕೆ ಒಂಟಿ ಜೀವ.
ತೂಕ ಮಾತ್ರ ಏರಕೋತನ ಹೋತು.

ಒಂದಿನ ಬರೇ ಅಂಗೈಯಾಗ ಕೂಡಿಸ್ಕೊಂಡೆ.
ಬೆನ್ನ ಮ್ಯಾಲ ಬೆರಳಾಡಿಸಿದ್ರ
ಪೋಣಿಸಿದ ಮಣಿಯಂಗ ಎಲುವು, ಒಂದೊಂದೂ ಎಣಿಸಬಹುದು.
ಡುಮ್ಮ ಆದ ಜೀವಕ್ಕ ಹಿಂಗ ಎಲುವು ಸಿಗೂದಿಲ್ಲ.
ಎಡಗಡಿ ಬಗಲಾಗ, ತೊಗಲಿನ ಕೆಳಗ,
ನೆನಸಿದ ಕಡ್ಲಿಕಾಳಿನಷ್ಟು ಏನೋ
ಬೆರಳಿಗೆ ಸಿಕ್ಕು ಜಾರಿತು.

ಬೋರಮಾಳ ಮಾಡೂ ಕೈ ಇದು.
ಮ್ಯಾಲ ಬಂಗಾರದ ತಗಡು, ಒಳಗ ಅರಗು.
ಕಾಟಾಕ್ಕ ಒಳಗಿಂದು ತಿಳಿಯೂದಿಲ್ಲ,
ಎಲ್ಲಾ ಕೂಡಿಸಿ ಒಂದ ಅಂಕಿ ಹೇಳ್ತದ.
ಅವ್ವನ ಸರಾ ಮಾರ್ಲಿಕ್ಕೆ ಬಂದವರ ಮುಂದನ
ಕರಗಿಸಿ ತೋರಸ್ತೀನಿ. ಅರಗು ಹೊಗಿಯಾಗಿ ಹೋಗಿ
ಉಳದದ್ದು ನೋಡಿ
'ಇಷ್ಟನಾ?' ಅಂತಾರ ಎಲ್ಲಾರೂ.

ದನದ ದವಾಖಾನಿಯೊಳಗ ಪಾಳಿ ಹಚ್ಚಿದೆ.
ನನ್ನ ಹಿಂದ ಕುಂಟೂ ಎಮ್ಮಿ. ಎಮ್ಮಿಯವ ನಕ್ಕ.
ಡಾಕ್ಟರ್ ಚಷ್ಮಾ ಹಣಿಗೇರಿಸಿ ಬಗಲಾ ಹಿಸುಕಿ
'ಗಾಠ ಆಹೇ' ಅಂದ್ರು.
ಇಷ್ಟು ಸಣ್ಣ ಮೈಗೆ ಹಾಕೂ ಸೂಜಿ
ತಮ್ಮ ಕಡಿ ಇಲ್ಲ ಅಂದ್ರು.
ಗಂಟು. ನಮ್ಮ ಮಾತಿನ್ಯಾಗ
ಕೂಡಿಟ್ಟ ರೊಕ್ಕಕ್ಕೂ ಅದ ಹೆಸರು.
ತಾ ತಿಂದದ್ದೆಲ್ಲಾ ಅದಕ್ಕ ಕೂಡಿಡಾಕತ್ತದ ರವಾ.

ಇವತ್ತು ಮತ್ತ ವಾಟಗಾ, ಮತ್ತ ಮೀಸಿ.
ಆರ್ಡರ್ ವಹಿಯ ಕಡೀ ಹಾಳಿ ತಗದು
ಪೆನ್ಸಿಲ್ ಹಿಡದು ಕುಂತಾಳ ಕಾಳಿಕಾ.
ತೂಕದಾಗ ಸುಳ್ಳು ಹೇಳಿದಾಂವ ಅಲ್ಲ ನಾ.
'ನಲವತ್ನಾಲ್ಕು' ಅಂದೆ.
'ಎಷ್ಟ್ ಬೆಳದದ ಅಪ್ಪಾ!' ಅಂತ ಬರಕೊಂಡ್ಳು.

ಅದರಾಗ ರವಾ ಎಷ್ಟು, ಅರಗು ಎಷ್ಟು
ಅಂತ ಆಕಿ ಕೇಳ್ಲಿಲ್ಲ.
ಕಾಟಾ ಆರಿಸಿದೆ.
'ನಾಳಿಂದ ಶೇಂಗಾ ಕೊಡು' ಅಂದೆ,
'ಹುರದದ್ದು. ಎರಡು ಕೊಡು.'