ಚೀಲದ ಬೆನ್ನು

ಸೂರ್ ಪಟ್ಟಣದ ಹಡಗು ಕಟ್ಟುವ ಅಂಗಳದಲ್ಲಿ
ಅರ್ಧಕ್ಕೇ ನಿಂತ ದೋಣಿಯೊಂದರ ಹೊಟ್ಟೆಯ ಕೆಳಗೆ
ಸಿಕ್ಕಿದ್ದು ಈ ನಾಯಿ. ಅದಕ್ಕೇ ಸಂಬೂಕ್ ಎಂದೆ;
ಇಲ್ಲಿನವರು ಅಂಥ ದೋಣಿಯನ್ನು ಹಾಗೆ ಕರೆಯುತ್ತಾರೆ.

ಆಗಸ್ಟಿನ ಹೊತ್ತಿಗೆ ಅದರ ಬೆನ್ನು
ಹಳೇ ಚಾಪೆಯಂತೆ ಎಳೆ ಬಿಟ್ಟಿತು.
ಕೆರೆದಲ್ಲೆಲ್ಲ ಹೊಟ್ಟು.
ರಾತ್ರಿಯಿಡೀ ಎಸಿಯ ಗುಂಯ್, ಅದರೊಳಗೆ ಪರಪರ.
ಆಸ್ಪತ್ರೆಯಲ್ಲಿ ಹನ್ನೆರಡು ತಾಸು
ಯಾರ ಯಾರದೋ ಮೈ ಒರೆಸಿ ಬಂದವಳು
ನಿದ್ದೆಗೆಟ್ಟು ಎದ್ದು ಕೂತು
ಮೊದಲ ಸಲ ಓದಿದೆ ಚೀಲದ ಬೆನ್ನು.

ಮುಂದೆ, ಹುಲ್ಲಿನ ಮೇಲೆ ನಗುವ ನಾಯಿ.
ಹಿಂದೆ, ಇರುವೆ ಸಾಲಿನಂಥ ಅಕ್ಷರ:
ಗೋವಿನಜೋಳ, ಗೋವಿನಜೋಳದ ಹಿಟ್ಟು,
ಕೋಳಿಯದು ಏನೋ ಉಳಿದದ್ದು,
‘ಪ್ರಾಣಿ ಕೊಬ್ಬು’.
ಯಾವ ಪ್ರಾಣಿ? ಹೆಸರಿಲ್ಲ, ಊರಿಲ್ಲ.
ಒಮೆಗಾ ಆರು ಧಾರಾಳ.
ಒಮೆಗಾ ಮೂರು,
ಮದುವೆಮನೆಯ ಕಡೇ ಪಂಕ್ತಿಗೆ ಬಂದ ತುಪ್ಪ.

“ಆರು ಕೆಟ್ಟದ್ದಲ್ಲ,” ಎಂದರು ಡಾಕ್ಟರ್ ಇಹ್ಸಾನ್,
ಸುಡಾನಿನವರು, ಒಂಟೆಗಳ ಹಲ್ಲು ಹಿಡಿದ ಕೈ.
“ಅದಿಲ್ಲದೆ ಚರ್ಮ ಗೋಡೆ ಕಟ್ಟುವುದಿಲ್ಲ.
ಮೂರು ತೀರ ಕಮ್ಮಿಯಾದರೆ ಮಾತ್ರ
ಕೆರಳಿದ್ದು ತಣಿಯುವುದಿಲ್ಲ.”

ಇಷ್ಟೇ ತಾನೆ! ರೋಣದಿಂದ ಅವ್ವ ಕಳಿಸಿದ ಅಗಸಿ
ಡಬ್ಬಿ ತುಂಬ ಇದೆಯಲ್ಲ.
ಹುರಿದೆ. ಖಾರ ಹಾಕಲಿಲ್ಲ,
ಬಳ್ಳೊಳ್ಳಿ ನಾಯಿಗೆ ವಿಷವಂತೆ, ಅದೂ ಹಾಕಲಿಲ್ಲ.
ಕುಟ್ಟಿ, ಅದರ ತಾಟಿಗೆ ಉದುರಿಸಿದೆ ತಿಂಗಳುಗಟ್ಟಲೆ.
ಸಂಬೂಕ್ ತಿಂದಿತು.
ಪರಪರ ನಿಲ್ಲಲಿಲ್ಲ.

“ಅಗಸೆಯ ಮೂರೂ ಮೂರೇ,” ಡಾಕ್ಟರ್ ಕನ್ನಡಕ ಒರೆಸಿದರು,
“ಅದನ್ನು ತನಗೆ ಬೇಕಾದ ಮೂರಾಗಿ ತಿರುಗಿಸಿಕೊಳ್ಳಲು
ನಾಯಿಯ ಮೈಗೆ ಅಷ್ಟಾಗಿ ಬಾರದು.
ಮೀನು ಕೊಡಿ, ಸಿಸ್ಟರ್.”

ಮೀನು.
ತತ್ತಿ ಎನ್ನುವಾಗಲೂ ದನಿ ತಗ್ಗಿಸುವ ಮನೆಯವಳು ನಾನು.
ಕೊರಳ ಕರಡಿಗೆಯನ್ನು ಕುಪ್ಪಸದೊಳಗೆ ಸರಿಸಿ
ನಸುಕಿನ ಐದಕ್ಕೆ ಮೀನುಪೇಟೆಯಲ್ಲಿ ನಿಂತೆ.
ರಾಶಿ ರಾಶಿ,
ಆಪರೇಷನ್ ಕೋಣೆಯ ತಟ್ಟೆಯಲ್ಲಿ
ಈಗಷ್ಟೇ ತೊಳೆದಿಟ್ಟ ಚಿಮಟಗಳ ಹಾಗೆ.
“ಬೂತಾಯಿ ಅಂತ ಹೆಸರು, ಗೊತ್ತಿರಲಿ,” ಎಂದಿದ್ದಳು
ಉಳ್ಳಾಲದ ಜೆಸಿಂತಾ, ನೈಟ್ ಡ್ಯೂಟಿಯ ಜೊತೆಗಾತಿ.
ಆ ಹೆಸರು ಇಲ್ಲಿ ಯಾರಿಗೆ ಗೊತ್ತು? ಬೆರಳು ತೋರಿಸಿದೆ.

“ಮನೆಗೋ, ಒಂಟೆಗೋ?” ಕೇಳಿದ ಮುದುಕ ಹುಮೈದ್.
(ಒಣಗಿಸಿದ್ದನ್ನು ಒಂಟೆಗೂ ಹಾಕುತ್ತಾರೆ ಈ ಕಡೆ.)
ನಾಯಿಗೆ ಎಂದೆ.
ನಗಲಿಲ್ಲ ಅವನು. ಒಂದು ಹಿಡಿ ಹೆಚ್ಚಿಗೆ ಸುರಿದ.
“ನಮ್ಮ ಅಪ್ಪ ಇದರ ಎಣ್ಣೆಯನ್ನೇ
ಹಡಗಿನ ಮೈಗೆ ಬಳಿಯುತ್ತಿದ್ದ, ಹಲಗೆ ಬಿರಿಯದ ಹಾಗೆ.
ಬಿಸಿಲಿಗೆ ಮರವೇನು, ತೊಗಲೇನು.”

ಬೇರೆ ಪಾತ್ರೆ, ಹಿಡಿಗೆ ಕೆಂಪು ದಾರ.
ಬರೀ ನೀರಲ್ಲಿ ಬೇಯಿಸು, ಉಪ್ಪು ಬೇಡ, ಎಂದಿದ್ದಳು ಜೆಸಿಂತಾ;
ಮೂಗು ಮುಚ್ಚಿಕೋ ಎನ್ನಲು ಮರೆತಿದ್ದಳು.
ಮೊದಲ ವಾರ ಆಸೆಗೆ ಹೆಚ್ಚು ಹಾಕಿ
ಮನೆತುಂಬ ಅದರ ಭೇದಿ ಬಳಿದೆ.
ಆಮೇಲೆ ಚೀಲವನ್ನೂ ಬದಲಿಸಿದೆ:
ಮೊದಲ ಸಾಲಿನಲ್ಲೇ ಮಾಂಸಕ್ಕೆ ಹೆಸರಿರುವುದು,
ಎಣ್ಣೆ ಮುಗ್ಗದ ಹಾಗೆ ಸಣ್ಣ ಚೀಲ,
ತೆರೆದೊಡನೆ ಮೂಸುವುದು. ನಾನು, ಆಮೇಲೆ ಅದು.

ನವೆಂಬರ್. ಫೋನಿನ ಪರದೆಯಲ್ಲಿ ಅವ್ವ.
“ಏ ಶಿವಲೀಲಾ, ನಿನ್ನ ಹಿಂದ ಅದೇನ ಹಂಗ ಮಿಂಚತೈತಿ?”
ನಾಯಿ, ಅವ್ವಾ.
“ಏನ ಹಾಕಿ ಸಾಕಿದಿಯವ್ವಾ ಅದನ್ನ?”
ಎಣ್ಣಿ.
“ನಾ ಕಳಿಸಿದ ಅಗಸೀದೇನು?”
ಅಡುಗೆಮನೆಯಲ್ಲಿ ಕೆಂಪು ದಾರದ ಪಾತ್ರೆ ಕುದಿಯುತ್ತಿತ್ತು.
ಹೌದವ್ವಾ, ಎಂದೆ, ಅಗಸೀನ. ಈ ಕಡೆ ಸಮುದ್ರದಾಗ ಬೆಳೀತೈತಿ.

ಸ್ವಲ್ಪ ಹೊತ್ತು ಸುಮ್ಮನಿದ್ದಳು.
“ಬೆಳೀಲಿ ಬಿಡು,” ಎಂದಳು, “ಕೈ ಮಾತ್ರ ಛಲೋ ತೊಳಕೊ.”